ಜಗಲಿಗೆ ಬಂದ ಹೊಟ್ಟಿನ ಹಲಗೆ ಮತ್ತು ಬಿಸಿಲಿನ ಪರೀಕ್ಷೆ

ಈಗ ಹೊಸ ಮನೆ ಕಟ್ಟಿಸುವವರು, ಹೋಂಸ್ಟೇ ಮಾಡುವವರು ಪೇಟೆಯ ಅಂಗಡಿಗೆ ಹೋದರೆ ಹೊಸದೊಂದು ಹಲಗೆ ತೋರಿಸುತ್ತಾರೆ. ನೋಡಲು ತೇಗದ ಹಾಗೆ ಗೆರೆಗೆರೆ. ಎತ್ತಿದರೆ ಭಾರ. ಮೂಸಿದರೆ ಮರದ ವಾಸನೆ ಇಲ್ಲ. ಕಾಂಪೋಸಿಟ್ ಅನ್ನುತ್ತಾರೆ, ಡಬ್ಲ್ಯೂಪಿಸಿ ಅನ್ನುತ್ತಾರೆ. ಮರದ ಹೊಟ್ಟು ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ್ದು. "ಗೆದ್ದಲು ಹಿಡಿಯಲ್ಲ, ಕೊಳೆಯಲ್ಲ, ಪೇಂಟ್ ಬೇಡ. ಜಗಲಿಗೆ ಹಾಕಿಸಿ ಮರೆತುಬಿಡಿ" ಎಂಬ ಮಾತೂ ಜೊತೆಗೇ ಬರುತ್ತದೆ.

ಈ "ಹಾಕಿಸಿ ಮರೆತುಬಿಡಿ" ನಮಗೆ ಹೊಸದು. ಹಲಗೆ ಹುಟ್ಟಿದ ಅಮೆರಿಕದಲ್ಲಿ ಇದು ಮೂವತ್ತು ವರ್ಷ ಹಳೆಯ ಮಾತು. ಅದನ್ನು ನಂಬಿ ಹಾಕಿಸಿದವರಲ್ಲಿ ಎಷ್ಟೋ ಮಂದಿ ಕೋರ್ಟಿನವರೆಗೂ ಹೋದರು. ಅವರ ನೆಲವನ್ನು ಹಾಳು ಮಾಡಿದ್ದು ಗೆದ್ದಲಲ್ಲ, ಬಿಸಿಲು ಮತ್ತು ನೀರು. ಆ ಕಥೆ ಗೊತ್ತಿದ್ದರೆ ಅಂಗಡಿಯಲ್ಲಿ ಏನು ಕೇಳಬೇಕು, ಕೆಲಸದವರಿಗೆ ಏನು ಹೇಳಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಅದಕ್ಕೇ ಈ ಬರಹ.

ಜಗಲಿಯ ಮೇಲೆ ಗೆದ್ದ ಚುನಾವಣೆ

ಅಮೆರಿಕದವರು ಮನೆಮುಂದಿನ ಜಗಲಿಯನ್ನು ಪೋರ್ಚ್ ಅನ್ನುತ್ತಾರೆ, ವೆರಾಂಡ ಎಂದೂ ಅನ್ನುತ್ತಾರೆ. ಈ ವೆರಾಂಡ ಎಂಬ ಪದ ಇಂಗ್ಲಿಷಿಗೆ ಹೋದದ್ದು ಭಾರತದಿಂದ. ಇಲ್ಲಿನ ಸೆಕೆಯಲ್ಲಿ ಬದುಕಬೇಕಾದ ಬ್ರಿಟಿಷರು ಮನೆ ಸುತ್ತ ನೆರಳಿನ ಪಟ್ಟಿ ಬಿಡುವುದನ್ನು ಕಲಿತರು, ಪದವನ್ನೂ ಒಯ್ದರು. ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಜಗಲಿ ಬಂದದ್ದರಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಹೋದವರ ಮತ್ತು ಕೆರಿಬಿಯನ್ ದ್ವೀಪಗಳ ಮನೆಗಳ ಪಾಲೂ ದೊಡ್ಡದು.

1840ರ ದಶಕದಲ್ಲಿ ಆಂಡ್ರ್ಯೂ ಜಾಕ್ಸನ್ ಡೌನಿಂಗ್ ಎಂಬ ತೋಟಗಾರಿಕೆಯ ಲೇಖಕ ಮನೆಗಳ ಬಗ್ಗೆ ಪುಸ್ತಕ ಬರೆಯತೊಡಗಿದ. ಹಳ್ಳಿಮನೆಗೆ ವೆರಾಂಡ ಇದ್ದರೇ ಚೆಂದ ಎಂಬ ಅವನ ಮಾತು ಜನಕ್ಕೆ ಹಿಡಿಸಿತು. ಮುಂದಿನ ಎಂಬತ್ತು ತೊಂಬತ್ತು ವರ್ಷ ಅಲ್ಲಿ ಜಗಲಿಯಿಲ್ಲದ ಮನೆ ಕಾಣುವುದೇ ಅಪರೂಪವಾಯಿತು. ಸಂಜೆ ಹೊತ್ತು ಕುರ್ಚಿ ಹಾಕಿಕೊಂಡು ಕೂರುವುದು, ದಾರಿಯಲ್ಲಿ ಹೋಗುವವರನ್ನು ಕೂಗಿ ಮಾತಾಡಿಸುವುದು, ಕಾಳು ಬಿಡಿಸುವುದು, ಮಕ್ಕಳನ್ನು ಆಡಲು ಬಿಡುವುದು, ಎಲ್ಲವೂ ಜಗಲಿಯ ಮೇಲೆಯೇ. ನಮ್ಮ ಜಗಲಿಕಟ್ಟೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಜಗಲಿಗೆ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಒಂದು ಉದಾಹರಣೆ. 1896ರ ಅಧ್ಯಕ್ಷ ಚುನಾವಣೆಯಲ್ಲಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ರೈಲು ಹತ್ತಿ ದೇಶವೆಲ್ಲ ಸುತ್ತಿ ಭಾಷಣ ಮಾಡಿದರು. ಎದುರಾಳಿ ವಿಲಿಯಂ ಮೆಕಿನ್ಲಿ ಓಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಿನ ತಮ್ಮ ಮನೆ ಬಿಟ್ಟು ಹೊರಡಲಿಲ್ಲ. ಜಗಲಿಯ ಮೇಲೆ ನಿಂತೇ ಮಾತಾಡಿದರು. ಜನರೇ ರೈಲು ಹತ್ತಿ ಬಂದರು. ಸುಮಾರು ಏಳೂವರೆ ಲಕ್ಷ ಜನ ಆ ಅಂಗಳಕ್ಕೆ ಬಂದುಹೋದರು ಎಂಬ ಲೆಕ್ಕವಿದೆ. ಗೆದ್ದವರು ಜಗಲಿ ಬಿಡದ ಮೆಕಿನ್ಲಿಯೇ.

ಒಂದೇ ಹಲಗೆ, ಎರಡು ಹವಾಮಾನ

ನಮ್ಮ ಜಗಲಿ ಮಣ್ಣು, ಕಲ್ಲು, ಗಾರೆಯದು. ನೆಲದ ಮೇಲೆಯೇ ಕೂತಿರುತ್ತದೆ. ಅಮೆರಿಕದ ಜಗಲಿ ಹಲಗೆಯದು, ನೆಲದಿಂದ ಎರಡು ಮೂರು ಅಡಿ ಮೇಲೆ ಕಂಬಗಳ ಮೇಲೆ ನಿಂತಿರುತ್ತದೆ. ಅಡಿಯಲ್ಲಿ ಗಾಳಿ ಆಡುತ್ತದೆ. ಹಳೆಯ ಬಡಗಿಗಳು ಈ ನೆಲಕ್ಕೆ ಪಟ್ಟ ಪಾಡು ಕೇಳಿದರೆ ನಮ್ಮ ಆಚಾರಿಗಳಿಗೆ ಖುಷಿಯಾದೀತು.

ಪ್ರತಿ ಹಲಗೆಯ ಒಂದು ಅಂಚಿನಲ್ಲಿ ನಾಲಿಗೆಯಂತೆ ಉಬ್ಬು, ಇನ್ನೊಂದು ಅಂಚಿನಲ್ಲಿ ಕಾಲುವೆಯಂತೆ ತಗ್ಗು. ಒಂದರ ನಾಲಿಗೆ ಇನ್ನೊಂದರ ಕಾಲುವೆಗೆ ಕೂರಬೇಕು. ಹಲಗೆಗಳನ್ನು ಗೋಡೆಯಿಂದ ಹೊರಕ್ಕೆ, ಅಂಗಳದ ಕಡೆಗೆ ಮುಖಮಾಡಿ ಹಾಸಬೇಕು. ಗೋಡೆಯ ಉದ್ದಕ್ಕೆ ಹಾಸಿದರೆ ಪ್ರತಿ ಸಂದಿನಲ್ಲೂ ನೀರು ತಡೆದು ನಿಲ್ಲುತ್ತದೆ. ಮತ್ತು ಅಡಿಗೆ ಕಾಲು ಇಂಚಿನಂತೆ ವಾಟ ಕೊಡಬೇಕು. ಆರಡಿ ಅಗಲದ ಜಗಲಿಯಾದರೆ ಗೋಡೆಯಿಂದ ಅಂಚಿಗೆ ಒಂದೂವರೆ ಇಂಚು ಇಳಿಯಬೇಕು. ಹಲಗೆ ಕೂರಿಸುವ ಮೊದಲೇ ಕೆಳಗೆ, ಮೇಲೆ, ಅಂಚಿಗೆ, ಕೊಯ್ದ ತುದಿಗೆ ಬಣ್ಣ ಬಳಿಯಬೇಕು. ಆಮೇಲೆ ಮೇಲುಗಡೆಗೆ ಬೂದು ಬಣ್ಣ. ಇಷ್ಟೂ ಮಾಡಿ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಣ್ಣ ಬಳಿದವರ ಮನೆಯಲ್ಲಿ ನೆಲ ಐವತ್ತು ಅರವತ್ತು ವರ್ಷ ಬಾಳುತ್ತಿತ್ತು.

ಜಗಲಿ ನೆಲದ ಕಷ್ಟ ಒಳಮನೆಯ ನೆಲಕ್ಕೆ ಇಲ್ಲ. ಜಗಲಿಯ ಒಳಭಾಗಕ್ಕೆ ಮಾಡಿನ ನೆರಳು. ಹೊರ ಅಂಚಿಗೆ ಬಿಸಿಲು, ಇರಚಲು. ಹಲಗೆಯನ್ನು ಹೊರಮುಖವಾಗಿ ಹಾಸಿರುವುದರಿಂದ ಒಂದೇ ಹಲಗೆಯ ಒಂದು ತುದಿ ಸದಾ ನೆರಳಲ್ಲಿ, ಇನ್ನೊಂದು ತುದಿ ಸದಾ ಬಿಸಿಲಲ್ಲಿ. ಒಂದೇ ಹಲಗೆಗೆ ಎರಡು ಹವಾಮಾನ. ಹಳೆಯ ಜಗಲಿಗಳಲ್ಲಿ ಕೊಳೆತದ್ದು, ಸೀಳಿದ್ದು ಹೆಚ್ಚಾಗಿ ಆ ಹೊರಗಿನ ಒಂದೆರಡು ಅಡಿಯೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ನೆಲ ಬಾಳಿದ್ದು ಬಡಗಿಯ ಕೈಚಳಕದಿಂದ ಮಾತ್ರವಲ್ಲ, ಮರದ ಜಾತಿಯಿಂದಲೂ ಹೌದು. ದಕ್ಷಿಣ ರಾಜ್ಯಗಳಲ್ಲಿ ಲಾಂಗ್‌ಲೀಫ್ ಪೈನ್ ಎಂಬ ಉದ್ದ ಎಲೆಯ ಪೈನ್ ಕಾಡಿತ್ತು. ನಿಧಾನಕ್ಕೆ, ನೂರಾರು ವರ್ಷ ಬೆಳೆದ ಮರ. ಒತ್ತೊತ್ತಾದ ಉಂಗುರ, ಮೈತುಂಬ ರಾಳ. ಅದರ ಚೇಗಿಗೆ ಗೆದ್ದಲು, ಬೂಸ್ಟು ಬೇಗ ಹತ್ತುತ್ತಿರಲಿಲ್ಲ. ಬಿಳಿಯರು ಬರುವ ಮುಂಚೆ ಆ ಕಾಡು ಸುಮಾರು 9 ಕೋಟಿ ಎಕರೆ ಇತ್ತು. ಹಡಗಿಗೆ, ರೈಲಿಗೆ, ಮನೆಗೆ, ರಾಳಕ್ಕೆ ಎಂದು ಕಡಿದು ಕಡಿದು, ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಉಳಿದದ್ದು ಸುಮಾರು 30 ಲಕ್ಷ ಎಕರೆ.

ಕಾಡು ಹೋದ ಮೇಲೆ ನೆಡುತೋಪಿನ ಪೈನ್ ಬಂತು. ಬೇಗ ಬೆಳೆಯುತ್ತದೆ, ಬೇಗ ಕೊಯ್ಲಿಗೆ ಬರುತ್ತದೆ, ಬೇಗ ಕೊಳೆಯುತ್ತದೆ. ಹಲಗೆಯ ಹೆಸರು ಅದೇ ಪೈನ್, ಗುಣ ಮಾತ್ರ ಬೇರೆ. ಜಗಲಿ ನೆಲಕ್ಕೆ ಕುತ್ತು ಶುರುವಾದದ್ದು ಇಲ್ಲಿಂದ.

ಡೆಹ್ರಾಡೂನಿನ ಮದ್ದು

ಹಸಿ ಪೈನನ್ನು ಉಳಿಸಿದ ಮದ್ದು ಹುಟ್ಟಿದ್ದು ನಮ್ಮ ದೇಶದಲ್ಲಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಎಂಬ ವಿಜ್ಞಾನಿ 1933ರಲ್ಲಿ ಒಂದು ಮಿಶ್ರಣ ಕಂಡುಹಿಡಿದರು. ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್, ಅಂದರೆ ಪಾಷಾಣ, ಈ ಮೂರೂ ಸೇರಿದ ನೀರು. ಮರವನ್ನು ದೊಡ್ಡ ಸಿಲಿಂಡರಿನೊಳಗೆ ಹಾಕಿ ಒತ್ತಡ ಕೊಟ್ಟು ಈ ನೀರನ್ನು ಒಳಗೆ ನುಗ್ಗಿಸುವುದು. ತಾಮ್ರ ಬೂಸ್ಟನ್ನು ತಡೆಯುತ್ತದೆ, ಪಾಷಾಣ ಗೆದ್ದಲನ್ನು ಕೊಲ್ಲುತ್ತದೆ, ಕ್ರೋಮಿಯಂ ಎರಡನ್ನೂ ಮರಕ್ಕೆ ಕಚ್ಚಿಸಿ ಹಿಡಿಯುತ್ತದೆ. ಇದಕ್ಕೆ ಆಸ್ಕು ಎಂದು ಹೆಸರಿಟ್ಟರು.

ಆ ಮದ್ದು ಅಮೆರಿಕಕ್ಕೆ ಹೋಯಿತು. ಮೊದಲು ತಂತಿ ಕಂಬಗಳಿಗೆ, ಆಮೇಲೆ ಮನೆಗಳಿಗೆ. 1970ರ ದಶಕದ ಹೊತ್ತಿಗೆ ತುಸು ಹಸಿರು ಛಾಯೆಯ ಈ ಮರ ಎಲ್ಲ ಅಂಗಡಿಗಳಲ್ಲೂ ಅಗ್ಗಕ್ಕೆ ಸಿಗುತ್ತಿತ್ತು. ಅದೇ ಕಾಲಕ್ಕೆ ಜನರ ರೂಢಿಯೂ ಬದಲಾಗಿತ್ತು. ಮನೆಯೊಳಗೆ ಟಿವಿ ಬಂತು, ಎಸಿ ಬಂತು, ಬೀದಿಯಲ್ಲಿ ನಡೆಯುವವರ ಬದಲು ಕಾರು ಓಡಾಡತೊಡಗಿತು. ಮನೆಮುಂದಿನ ಜಗಲಿ ಸೊರಗಿತು. ಅದರ ಬದಲು ಹಿತ್ತಲ ಕಡೆ ಮಾಡಿಲ್ಲದ ಹಲಗೆಯ ಕಟ್ಟೆ ಬಂತು. ಡೆಕ್ ಅನ್ನುತ್ತಾರೆ. ಮಾಡೇ ಇಲ್ಲ ಎಂದ ಮೇಲೆ ನೆಲ ಪೂರಾ ಬಿಸಿಲಿಗೆ ಬಿತ್ತು.

ಆಮೇಲೆ ತಕರಾರು ಎದ್ದಿತು. ಮರದಿಂದ ಪಾಷಾಣದ ಅಂಶ ಸ್ವಲ್ಪ ಸ್ವಲ್ಪವಾಗಿ ಮಣ್ಣಿಗೆ ಇಳಿಯುತ್ತದೆ, ಹಲಗೆ ಮುಟ್ಟಿದ ಕೈಗೂ ಹತ್ತುತ್ತದೆ. ಮಕ್ಕಳು ಹಲಗೆ ಮೇಲೆ ಆಡಿ ಅದೇ ಕೈಯನ್ನು ಬಾಯಿಗೆ ಹಾಕುತ್ತಾರಲ್ಲ ಎಂಬ ಚಿಂತೆ ದೊಡ್ಡದಾಯಿತು. 2003ರ ಡಿಸೆಂಬರ್ 31ರ ನಂತರ ಮನೆಬಳಕೆಯ ಮರಕ್ಕೆ ಈ ಮದ್ದು ಹಾಕುವುದನ್ನು ಅಮೆರಿಕದ ಕಾರ್ಖಾನೆಗಳು ನಿಲ್ಲಿಸಿದವು. ಕಾಮೇಶಂ ಅವರ ಮದ್ದು ಮರವನ್ನು ಉಳಿಸಿದ್ದು ಸುಳ್ಳಲ್ಲ. ಆದರೆ ಮಕ್ಕಳು ಹೊರಳಾಡುವ ಮನೆಯ ನೆಲಕ್ಕೆ ಅದು ಸಲ್ಲದು ಎಂಬ ತೀರ್ಮಾನಕ್ಕೆ ಬರಲು ಎಪ್ಪತ್ತು ವರ್ಷ ಹಿಡಿಯಿತು.

ಜಾಗ ಖಾಲಿಯಾಯಿತು. ಅದಕ್ಕೆ ಕಾಯುತ್ತಿದ್ದ ಹಲಗೆಯೊಂದು ಆಗಲೇ ತಯಾರಿತ್ತು.

ಎಲ್ಲಿಯೂ ಇಳಿಯದ ಕಸದ ದೋಣಿ

ಮರದ ಪುಡಿಯನ್ನು ಪ್ಲಾಸ್ಟಿಕ್‌ಗೆ ಬೆರೆಸುವುದು ಹಳೆಯ ಕಸುಬು. 1907ರಲ್ಲಿ ಲಿಯೋ ಬೇಕಲ್ಯಾಂಡ್ ಬೇಕಲೈಟ್ ಕಂಡುಹಿಡಿದಾಗಲೇ ಅದಕ್ಕೆ ಗಟ್ಟಿತನ ಬರಲೆಂದು ಮರದ ಹಿಟ್ಟು ಸೇರಿಸುತ್ತಿದ್ದರು. ಹಳೆಯ ಮನೆಗಳ ಕಪ್ಪು ಕರೆಂಟ್ ಸ್ವಿಚ್ಚುಗಳು ನಿಮಗೆ ನೆನಪಿದ್ದರೆ, ಬೇಕಲೈಟ್ ಅಂದರೆ ಅದೇ. 1983ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಕಾರ್ಖಾನೆಯೊಂದು ಅರ್ಧ ಮರದ ಹಿಟ್ಟು, ಅರ್ಧ ಪ್ಲಾಸ್ಟಿಕ್ ಸೇರಿಸಿ ಕಾರಿನ ಒಳಭಾಗದ ಹಾಳೆಗಳನ್ನು ಮಾಡತೊಡಗಿತು. ಇವೆಲ್ಲ ನೆರಳಲ್ಲಿ ಇರುವ ಸಾಮಾನುಗಳು. ಬಿಸಿಲಿಗೆ ಇಡುವ ಯೋಚನೆ ಬಂದದ್ದು ಕಸದ ಗಲಾಟೆಯಿಂದ.

1987ರಲ್ಲಿ ನ್ಯೂಯಾರ್ಕ್ ಕಡೆಯ 3,000 ಟನ್ನಿಗೂ ಹೆಚ್ಚು ಕಸ ತುಂಬಿದ ದೋಣಿಯೊಂದು ಇಳಿಸಲು ಜಾಗ ಹುಡುಕಿಕೊಂಡು ಹೊರಟಿತು. ಮೊಬ್ರೋ ಎಂದು ಅದರ ಹೆಸರು. ನಾರ್ತ್ ಕೆರೊಲಿನಾದಲ್ಲಿ ಬೇಡ ಅಂದರು. ಮೆಕ್ಸಿಕೊ ಕಡೆ ಹೋಯಿತು, ಅಲ್ಲೂ ಬೇಡ. ಬೆಲಿಜ್ ದೇಶದವರೆಗೂ ಹೋಗಿ, ತಿಂಗಳುಗಟ್ಟಲೆ ಅಲೆದು, ಕೊನೆಗೆ ನ್ಯೂಯಾರ್ಕಿಗೇ ವಾಪಸ್ ಬಂತು. ಅಲ್ಲೇ ಕಸವನ್ನು ಸುಟ್ಟರು. ದಿನವೂ ಟಿವಿಯಲ್ಲಿ ಆ ದೋಣಿಯನ್ನು ನೋಡಿದ ಜನರಿಗೆ ಕಸ ಎಲ್ಲಿಗೂ ಹೋಗುವುದಿಲ್ಲ ಎಂಬುದು ಮನಸ್ಸಿಗೆ ನಾಟಿತು. ಪ್ಲಾಸ್ಟಿಕ್ ಚೀಲದ ಕಂಪನಿಗಳ ಕಡೆ ಎಲ್ಲರೂ ಬೆರಳು ತೋರಿಸತೊಡಗಿದರು.

ಅದೇ ಹೊತ್ತಿಗೆ ರೋಜರ್ ವಿಟೆನ್‌ಬರ್ಗ್ ಎಂಬವರು ಪ್ಲಾಸ್ಟಿಕ್ ಕಸವನ್ನೂ ಗರಗಸದ ಮಿಲ್ಲಿನ ಹೊಟ್ಟನ್ನೂ ಕಾಯಿಸಿ ಬೆರೆಸಿ ಹಲಗೆಯಂತೆ ಎಳೆಯುವ ವಿಧಾನ ಮಾಡಿಕೊಂಡಿದ್ದರು. ಶಾವಿಗೆ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆಯೇ, ಅಚ್ಚು ಮಾತ್ರ ಹಲಗೆಯದು. ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಮೊಬಿಲ್ ಕಂಪನಿ 1992ರಲ್ಲಿ ಆ ವಿಧಾನವನ್ನು ಕೊಂಡುಕೊಂಡಿತು. 1996ರಲ್ಲಿ ಅದರ ನಾಲ್ವರು ಅಧಿಕಾರಿಗಳು ಈ ವಿಭಾಗವನ್ನು ತಾವೇ ಖರೀದಿಸಿ ಟ್ರೆಕ್ಸ್ ಎಂಬ ಕಂಪನಿ ಕಟ್ಟಿದರು. ವರ್ಜೀನಿಯಾ ರಾಜ್ಯದ ವಿಂಚೆಸ್ಟರ್ ಅದರ ಊರು. ಬೇರೆ ಕಂಪನಿಗಳೂ ಬಂದವು.

ಎರಡು ಕಸ ಸೇರಿ ಒಂದು ಹಲಗೆ. ಮರ ಕಡಿಯುವುದು ಬೇಡ, ಪಾಷಾಣ ಬೇಡ, ಬಣ್ಣ ಬೇಡ. 2003ರಲ್ಲಿ ಪಾಷಾಣದ ಮರ ಹೋದಾಗ ಜನ ಈ ಹಲಗೆಗೆ ಮುಗಿಬಿದ್ದರು.

ಪ್ಲಾಸ್ಟಿಕ್ಕಿನಲ್ಲಿ ಅಡಗಿದ ಮರ

ಮೊದಲ ದೂರು ಬಣ್ಣದ್ದು. ಅಂಗಡಿಯಲ್ಲಿ ಕೆಂಪು ಮಿಶ್ರಿತ ಕಂದು ಇದ್ದದ್ದು ಕೆಲವೇ ತಿಂಗಳಲ್ಲಿ ಬೂದಿಯ ಬಣ್ಣಕ್ಕೆ ಬಂತು. ಮಾಡಿನ ಕೆಳಗಿನ ತುದಿ ಹಾಗೇ ಇತ್ತು, ಹೊರ ತುದಿ ಮಾಸಿತು. ಚಾಪೆ ಹಾಸಿದ್ದ ಜಾಗದಲ್ಲಿ ಚಾಪೆಯ ಗುರುತು ಉಳಿಯಿತು. ಎರಡನೆಯ ದೂರು ಕಪ್ಪು ಚುಕ್ಕಿ. ತೊಳೆದರೆ ಹೋಗುತ್ತದೆ, ಮಳೆ ಬಂದರೆ ಮತ್ತೆ ಬರುತ್ತದೆ. ಅದು ಬೂಸ್ಟು. ಮೂರನೆಯದು ಪುಡಿ ಉದುರುವುದು, ಪದರ ಏಳುವುದು. ಕೆಲವು ಹಲಗೆಗಳು ಮೆತ್ತಗಾಗಿ ಕೈಯಲ್ಲಿ ಉದುರುವ ಮಟ್ಟಕ್ಕೂ ಹೋದವು. 2000ರ ದಶಕದಲ್ಲಿ ಹಲವು ಕಂಪನಿಗಳ ಮೇಲೆ ಗ್ರಾಹಕರು ಒಟ್ಟಾಗಿ ಮೊಕದ್ದಮೆ ಹೂಡಿದರು. ರಾಜಿಯಾಗಿ ಹಲಗೆ ಬದಲಾಯಿಸಿಕೊಟ್ಟದ್ದೂ ಇದೆ, ಹಣ ಕೊಟ್ಟದ್ದೂ ಇದೆ.

ಪ್ಲಾಸ್ಟಿಕ್ ಕೊಳೆಯುವುದಿಲ್ಲವಲ್ಲ, ಹಾಗಾದರೆ ಇದೇಕೆ ಕೊಳೆಯಿತು? ಮರದ ಪ್ರತಿ ಕಣದ ಸುತ್ತಲೂ ಪ್ಲಾಸ್ಟಿಕ್ ಕವಚ ಕೂತಿರುತ್ತದೆ, ನೀರು ಒಳಗೆ ಹೋಗಲಾರದು ಎಂದು ತಯಾರಕರು ನಂಬಿದ್ದರು. ಆದರೆ ಹಲಗೆಯಲ್ಲಿ ಅರ್ಧ ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮರವೇ ಇತ್ತು. ಅಷ್ಟೊಂದು ಮರ ಇದ್ದಾಗ ಕಣಕ್ಕೆ ಕಣ ತಾಗಿಕೊಂಡೇ ಇರುತ್ತದೆ.

ಬಿಸಿಲು ಮಾಡಿದ್ದು ಎರಡು ಕೆಲಸ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟನ್ನು ಬಿಸಿಲಿನ ನೇರಳಾತೀತ ಕಿರಣ ಒಡೆಯಿತು. ಬಣ್ಣ ಹೋದದ್ದು ಅದಕ್ಕೆ. ಅದೇ ಕಿರಣ ಪ್ಲಾಸ್ಟಿಕ್ಕಿನ ಮೇಲ್ಪದರವನ್ನೂ ಪೆಡಸು ಮಾಡಿ ಕೂದಲೆಳೆಯ ಬಿರುಕು ಮೂಡಿಸಿತು. ವರ್ಷಗಟ್ಟಲೆ ಬಿಸಿಲಲ್ಲಿಟ್ಟ ಪ್ಲಾಸ್ಟಿಕ್ ಬಕೆಟ್ಟು ಮುಟ್ಟಿದರೆ ಒಡೆಯುತ್ತದಲ್ಲ, ಹಾಗೆ. ಆ ಬಿರುಕಿನಿಂದ ಮಳೆನೀರು ಮರದ ಕಣಕ್ಕೆ ತಲುಪಿತು. ಕಣ ಉಬ್ಬಿತು, ಬಿರುಕು ಅಗಲವಾಯಿತು, ಇನ್ನಷ್ಟು ನೀರು ಇಳಿಯಿತು. ಜಾಹೀರಾತಿನಲ್ಲಿ ಅದು ಪ್ಲಾಸ್ಟಿಕ್ ಆಗಿತ್ತು, ಮಳೆಗಾಲದಲ್ಲಿ ಮಾತ್ರ ಮರವೇ ಆಗಿತ್ತು.

ಹಿಗ್ಗುವ ಹಲಗೆ, ಸುಡುವ ಹಲಗೆ

ಹಲಗೆಯದ್ದಷ್ಟೇ ತಪ್ಪಲ್ಲ, ಕೂರಿಸಿದ ರೀತಿಯದ್ದೂ ಇತ್ತು. ಮರ ಬಿಸಿಲಿಗೆ ಉದ್ದಕ್ಕೆ ಬಹುತೇಕ ಹಿಗ್ಗುವುದಿಲ್ಲ, ನೀರು ಕುಡಿದರೆ ಅಗಲಕ್ಕೆ ಉಬ್ಬುತ್ತದೆ. ಇದು ತಲೆಮಾರುಗಳಿಂದ ಬಡಗಿಗಳ ಕೈಗೆ ಗೊತ್ತಿದ್ದ ಸತ್ಯ. ಹೊಟ್ಟಿನ ಹಲಗೆ ಇದಕ್ಕೆ ಉಲ್ಟಾ. ಅದು ಬಿಸಿಲಿಗೆ ಉದ್ದಕ್ಕೇ ಹಿಗ್ಗುತ್ತದೆ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಟ್ಟಾ ಕಾಯಿಸಿದರೆ ಹಿಗ್ಗಿ ಸಲೀಸಾಗಿ ಕೂರುತ್ತದೆ, ನೀರು ಹೊಯ್ದರೆ ಕುಗ್ಗಿ ಬಿಗಿಯುತ್ತದೆ. ಅಷ್ಟು ಹಿಗ್ಗುವ ಕಬ್ಬಿಣಕ್ಕಿಂತಲೂ ಹೊಟ್ಟಿನ ಹಲಗೆ ಎರಡು ಮೂರು ಪಟ್ಟು ಹೆಚ್ಚು ಹಿಗ್ಗುತ್ತದೆ. ಚಳಿಗಾಲದ ಬೆಳಗಿನಿಂದ ಬೇಸಿಗೆಯ ಮಧ್ಯಾಹ್ನಕ್ಕೆ ಹನ್ನೆರಡು ಅಡಿಯ ಹಲಗೆ ಅರ್ಧ ಸೆಂಟಿಮೀಟರಿಗೂ ಹೆಚ್ಚು ಬೆಳೆಯಬಹುದು. ಮರವೆಂದು ತಿಳಿದು ತುದಿಗೆ ತುದಿ ತಾಗಿಸಿ ಮೊಳೆ ಹೊಡೆದವರ ನೆಲ ಬೇಸಿಗೆಯಲ್ಲಿ ಬಿಲ್ಲಿನಂತೆ ಮೇಲೆದ್ದಿತು. ಗಾಳಿ ಆಡಲು ಜಾಗ ಬಿಡದವರ ನೆಲಕ್ಕೆ ಅಡಿಯಿಂದ ಬೂಸ್ಟು ಹತ್ತಿತು.

2010ರ ಆಸುಪಾಸಿನಲ್ಲಿ ತಯಾರಕರು ಹೊಸ ದಾರಿ ಹಿಡಿದರು. ಹೊಟ್ಟಿನ ಹಲಗೆ ಅಚ್ಚಿನಿಂದ ಬರುವಾಗಲೇ ಅದರ ಮೈಗೆ ಮರದ ಅಂಶ ಇಲ್ಲದ ಪ್ಲಾಸ್ಟಿಕ್ಕಿನ ತೆಳು ಹೊದಿಕೆ ಸೇರಿಸಿದರು. ಬಿಸಿಲು ತಡೆಯುವ ರಾಸಾಯನಿಕವನ್ನು ಆ ಹೊದಿಕೆಗೇ ಬೆರೆಸಿದರು. ಇದರಿಂದ ಬಣ್ಣ ಮಾಸುವುದು, ಬೂಸ್ಟು ಹಿಡಿಯುವುದು ಬಹಳ ಕಡಿಮೆಯಾಯಿತು. ಮಾಡಿರುವ ಜಗಲಿಗೆಂದೇ ನಾಲಿಗೆ-ಕಾಲುವೆಯ ಹಲಗೆಗಳನ್ನೂ ಮಾಡಿದರು. ಅವುಗಳಲ್ಲಿ ಕೆಲವು ಮರವೇ ಇಲ್ಲದ ಪೂರ್ತಿ ಪಿವಿಸಿ. ಕುತೂಹಲದ ಸಂಗತಿಯೆಂದರೆ ಅವಕ್ಕೂ ಅದೇ ಹಳೆಯ ನಿಯಮ. ಅಂಗಳದ ಕಡೆಗೆ ಮುಖಮಾಡಿ ಹಾಸಿ, ಅಡಿಗೆ ಕಾಲು ಇಂಚು ವಾಟ ಕೊಡಿ, ಅಡಿಯಲ್ಲಿ ಗಾಳಿ ಆಡಲು ಬಿಡಿ.

ಆದರೆ ಹೊದಿಕೆ ಬಿಸಿಯನ್ನು ತಡೆಯಲಿಲ್ಲ. ಮರದೊಳಗೆ ಗಾಳಿಯ ಸಣ್ಣ ಸಣ್ಣ ಗೂಡುಗಳಿವೆ, ಅದಕ್ಕೇ ಅದು ಕಾಲಿಗೆ ಹಿತ. ಹೊಟ್ಟಿನ ಹಲಗೆ ಹೆಚ್ಚು ಒತ್ತಾದದ್ದು, ಬಿಸಿ ಹಿಡಿದಿಟ್ಟುಕೊಂಡು ಕಾಲಿಗೆ ಬೇಗ ಬಿಡುತ್ತದೆ. ಕಡು ಬಣ್ಣದ ಹಲಗೆ ಬೇಸಿಗೆಯ ನಡು ಮಧ್ಯಾಹ್ನ 60 ಡಿಗ್ರಿ ದಾಟಬಲ್ಲದು. ಅಮೆರಿಕದಲ್ಲಿ ಇದು ದೂರಾಗಿ ಬಂದರೂ ಬಹಳ ದೊಡ್ಡದಾಗಲಿಲ್ಲ. ಅಲ್ಲಿ ಜನ ಜಗಲಿಗೂ ಹಿತ್ತಲಿಗೂ ಚಪ್ಪಲಿ, ಶೂ ಹಾಕಿಕೊಂಡೇ ಬರುತ್ತಾರೆ.

ಬರಿಗಾಲಿನ ಜಗಲಿಗೆ ಬಂದಾಗ

ನಾವು ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಡುತ್ತೇವೆ. ಜಗಲಿಯ ಮೇಲೆ ಅಜ್ಜಿ ಕಾಲು ನೀಡಿ ಕೂರುತ್ತಾರೆ, ಕೂಸು ಅಂಬೆಗಾಲಿಡುತ್ತದೆ, ಮಧ್ಯಾಹ್ನ ಊಟವಾದ ಮೇಲೆ ಬರಿ ನೆಲದಲ್ಲೇ ಒರಗುವವರಿದ್ದಾರೆ. ಶೂ ಹಾಕುವ ಕಾಲಿಗೆಂದು ಮಾಡಿದ ಹಲಗೆ ಬರಿಗಾಲಿನ ಜಗಲಿಗೆ ಬಂದಿದೆ. ರಾಯಚೂರು, ಕಲಬುರಗಿಯ ಕಡೆ ಗಾಳಿಯ ಬಿಸಿಯೇ 40 ಡಿಗ್ರಿ ದಾಟುತ್ತದೆ. ಅಂಥ ಕಡೆ ಅಂಗಾಲೇ ಮೊದಲ ಪರೀಕ್ಷಕ.

ಆದ್ದರಿಂದ ಮೊದಲು ನೋಡಬೇಕಾದ್ದು ಜಗಲಿಯ ದಿಕ್ಕು. ಬೇಸಿಗೆಯ ನಡು ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ, ಮಾಡು ಚಾಚಿದ್ದರೆ ನೆರಳು ಸಿಗುತ್ತದೆ. ಮಾಡಿನ ಕೆಳಗೆ ನುಗ್ಗುವುದು ಇಳಿಬಿಸಿಲು. ಪಡುವಣಕ್ಕೆ ಮುಖಮಾಡಿದ ಜಗಲಿಗೆ ಕಷ್ಟ ಹೆಚ್ಚು. ಅಲ್ಲಿ ಹಲಗೆ ಹಾಕಿಸುವ ಮುಂಚೆ ಮಾಡನ್ನು ಎರಡು ಅಡಿ ಚಾಚಿಸುವುದೋ, ಬಿದಿರು ತಟ್ಟಿ ಇಳಿಬಿಡುವುದೋ ಲಾಭ.

ಎರಡನೆಯದು ಹೆಸರಿನ ಗೊಂದಲ. ನಮ್ಮ ಅಂಗಡಿಗಳಲ್ಲಿ ಡಬ್ಲ್ಯೂಪಿಸಿ ಎಂದು ಬಾಗಿಲಿಗೆ, ಅಡುಗೆಮನೆಯ ಕಪಾಟಿಗೆ ಕೊಡುವ ಹಗುರ ಹಲಗೆ ಪಿವಿಸಿಯ ನೊರೆಯಿಂದ ಮಾಡಿದ್ದು. ಅದು ನೆರಳಿನ ಸಾಮಾನು. ಬಿಸಿಲಿನ ನೆಲಕ್ಕೆ ಬೇಕಾದದ್ದು ಹೊರಾಂಗಣಕ್ಕೆಂದೇ ಮಾಡಿದ ಡೆಕ್ ಹಲಗೆ. ಹೆಸರು ಒಂದೇ ಎಂದು ಕಡಿಮೆ ರೇಟಿನದನ್ನು ತಂದರೆ ಎರಡು ಬೇಸಿಗೆಯಲ್ಲಿ ಬಣ್ಣ ಬಯಲಾಗುತ್ತದೆ. ಅಂದಹಾಗೆ ಮರ-ಪ್ಲಾಸ್ಟಿಕ್ ಮಿಶ್ರಣದ ಸಂಶೋಧನೆ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಈ ಕೆಲಸ ಮಾಡಿದೆ.

ಮೂರನೆಯದು ಹೊದಿಕೆ. ಹೊದಿಕೆ ಇದೆಯೇ, ಮೇಲೆ ಮಾತ್ರವೇ, ನಾಲ್ಕೂ ಕಡೆಯೇ ಎಂದು ಕೇಳಿ. ಒಂದು ತುಂಡು ಕೊಯ್ಸಿ ನೋಡಿದರೆ ಸಿಪ್ಪೆಯಂತೆ ಬೇರೆ ಬಣ್ಣದ ಪದರ ಕಾಣುತ್ತದೆ. ತಿಳಿ ಬಣ್ಣದ್ದನ್ನೇ ಆರಿಸಿ, ಕಾಲಿಗೆ ಅದು ಕಡಿಮೆ ಸುಡುತ್ತದೆ. ಮಾದರಿ ತುಂಡನ್ನು ಮನೆಗೆ ತಂದು ತಾರಸಿಯ ಮೇಲೆ ಬೆಳಗಿನಿಂದ ಇಟ್ಟು, ಎರಡು ಗಂಟೆಗೆ ಬರಿಗಾಲಲ್ಲಿ ನಿಂತು ನೋಡಿ. ಆಮೇಲೆ ಅರ್ಧಕ್ಕೆ ಕಲ್ಲು ಮುಚ್ಚಿ ಒಂದು ತಿಂಗಳು ಬಿಡಿ. ಕಲ್ಲೆತ್ತಿದಾಗ ಎರಡು ಅರ್ಧಗಳ ಬಣ್ಣ ಬೇರೆಯಾಗಿ ಕಂಡರೆ ಹಲಗೆಯ ಜಾತಕ ತಿಳಿದಂತೆ. ವಾರಂಟಿ ಕಾಗದವನ್ನೂ ಓದಿಸಿ. ಬಣ್ಣ ಮಾಸುವುದು ಅದರಲ್ಲಿ ಸೇರಿದೆಯೇ, ಹೋಂಸ್ಟೇಯಂಥ ವ್ಯಾಪಾರದ ಜಾಗಕ್ಕೂ ಅನ್ವಯಿಸುತ್ತದೆಯೇ, ತಯಾರಕರು ಹೇಳಿದ ಕ್ರಮದಲ್ಲಿ ಕೂರಿಸದಿದ್ದರೆ ರದ್ದಾಗುತ್ತದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರ ಬೇಕು.

ಕೂರಿಸುವಾಗ ಎದುರಿಗೆ ನಿಂತು ನೋಡಬೇಕಾದ್ದು ಇಷ್ಟು. ಹಲಗೆಯನ್ನು ಸಿಮೆಂಟ್ ನೆಲಕ್ಕೆ ನೇರವಾಗಿ ಅಂಟಿಸಬಾರದು. ಅಡಿಯಲ್ಲಿ ಅಡ್ಡಪಟ್ಟಿ ಬೇಕು, ಪಟ್ಟಿಗಳ ನಡುವೆ ನೀರು ಹೋಗಲು, ಗಾಳಿ ಆಡಲು ದಾರಿ ಬೇಕು. ಅಡ್ಡಪಟ್ಟಿ ಮರದ್ದಾದರೆ ಹಲಗೆಗೆ ಹತ್ತದ ಗೆದ್ದಲು ಅದಕ್ಕೆ ಹತ್ತುತ್ತದೆ ಎಂಬುದು ನೆನಪಿರಲಿ. ಪಟ್ಟಿಯಿಂದ ಪಟ್ಟಿಗೆ ತಯಾರಕರು ಹೇಳಿದಷ್ಟೇ ದೂರ, ಸಾಮಾನ್ಯವಾಗಿ ಒಂದು ಅಡಿಯಿಂದ ಹದಿನಾರು ಇಂಚು. ಅದಕ್ಕಿಂತ ದೂರವಾದರೆ ಬಿಸಿಯಾದ ಹಲಗೆ ನಡುವೆ ಜೋಲುತ್ತದೆ. ವಾಟವನ್ನು ಹಲಗೆ ಹಾಸುವ ಮುಂಚೆಯೇ ನೀರು ಸುರಿದು ನೋಡಿ. ಹಲಗೆಯ ತುದಿಗೂ ಗೋಡೆಗೂ, ತುದಿಗೂ ತುದಿಗೂ ಸಂದು ಬಿಡಬೇಕು. ಚಳಿಯ ಬೆಳಿಗ್ಗೆ ಕೂರಿಸಿದರೆ ಸಂದು ಹೆಚ್ಚು, ಮಧ್ಯಾಹ್ನದ ಬಿಸಿಲಲ್ಲಾದರೆ ಕಡಿಮೆ. ಎಷ್ಟೆಂಬ ಪಟ್ಟಿಯನ್ನು ತಯಾರಕರೇ ಕೊಡುತ್ತಾರೆ. ಅದು ಇಲ್ಲದ ಮಾಲನ್ನು ನಂಬುವುದು ಕಷ್ಟ. ತುಕ್ಕು ಹಿಡಿಯದ ಸ್ಕ್ರೂ, ಕ್ಲಿಪ್ಪು ಹಾಕಿಸಿ.

ಇನ್ನೊಂದು ಮಾತು ನಮ್ಮ ಜಗಲಿಗೆ ಮಾತ್ರ ಸೇರಿದ್ದು. ಇದು ಪ್ಲಾಸ್ಟಿಕ್ ಇರುವ ನೆಲ. ದೀಪಾವಳಿಯ ಹಣತೆ, ಕರ್ಪೂರ, ಪಟಾಕಿಯ ಕಿಡಿ, ಒಲೆಯಿಂದ ಇಳಿಸಿ ತಂದಿಟ್ಟ ಪಾತ್ರೆ, ಎಲ್ಲವೂ ಕಲೆ ಬಿಡುತ್ತವೆ. ಗಾರೆ ನೆಲದ ಕಲೆಯನ್ನು ಉಜ್ಜಬಹುದು, ಹೊದಿಕೆ ಉಜ್ಜಿದರೆ ಹೊದಿಕೆಯೇ ಹೋಗುತ್ತದೆ.

ಹಾಗಾದರೆ ಹಾಕಿಸುವುದೇ ಬೇಡವೇ? ನೆಲದಿಂದ ಎತ್ತರದಲ್ಲಿ ಕಟ್ಟಿದ ಜಗಲಿ, ಕಲ್ಲು ಹೊರಲಾರದ ಕಟ್ಟು, ಮಳೆಗೆ ಮರ ನಿಲ್ಲದ ಮಲೆನಾಡು, ಇಂಥ ಕಡೆ ಒಳ್ಳೆಯ ಹಲಗೆ ಸರಿಯಾಗಿ ಕೂತರೆ ಕೆಲಸಕ್ಕೆ ಬರುತ್ತದೆ. ಆದರೆ ನೆಲದ ಮೇಲೆಯೇ ಇರುವ, ಶಹಾಬಾದ್ ಕಲ್ಲು ಹಾಸಿದ ಅಥವಾ ಕೆಂಪು ಗಾರೆಯ ಗಟ್ಟಿ ಜಗಲಿಯ ಮೇಲೆ, ಚೆಂದಕ್ಕೆಂದು ಈ ಹಲಗೆ ಹೊದಿಸುವುದು ಇದ್ದ ಒಳ್ಳೆಯ ನೆಲವನ್ನು ಮುಚ್ಚಿ ಸಾಲ ಮಾಡಿದಂತೆ.

ಅಮೆರಿಕದ ಜಗಲಿ ನೂರೈವತ್ತು ವರ್ಷದಲ್ಲಿ ಕಾಡಿನ ಮರ, ತೋಪಿನ ಮರ, ಪಾಷಾಣದ ಮರ, ಹೊಟ್ಟಿನ ಹಲಗೆ, ಹೊದಿಕೆಯ ಹಲಗೆ, ಎಲ್ಲವನ್ನೂ ಕಂಡಿತು. ಹಲಗೆ ಬದಲಾದಂತೆಲ್ಲ ಇನ್ನು ಚಿಂತೆಯಿಲ್ಲ ಎಂದು ಮಾರುವವರು ಹೇಳಿದರು. ಅಷ್ಟೂ ಕಾಲ ಬದಲಾಗದೆ ಉಳಿದದ್ದು ಬಡಗಿಯ ಆ ಕಾಲು ಇಂಚಿನ ವಾಟ, ಅಡಿಯ ಗಾಳಿ, ಮೇಲಿನ ಮಾಡು. ನಾಳೆ ನಿಮ್ಮ ಮನೆಗೆ ಹಲಗೆ ತುಂಬಿದ ಗಾಡಿ ಬಂದರೆ, ಇಳಿಸುವ ಮುಂಚೆ ಈ ಮೂರು ತಯಾರಿವೆಯೇ ನೋಡಿಕೊಳ್ಳಿ.